ಕೀಲಿ ಯಾರ ಕೈಯಲ್ಲಿ

"ಚುಕ್ಕಿ, ಬೀದಿ, ಮೊಲ, ಕನ್ನಡಿ..." ಎಂದು ಮಾಲ್‌ಸುನ್ ಫೋನಿನಲ್ಲಿ ಮೂಡಿದ್ದ ಪದಗಳನ್ನು ಗಟ್ಟಿಯಾಗಿ ಓದತೊಡಗಿದ್ದೇ ಸೋರಾ ತಲೆಯ ಮೇಲೆ ಕೈ ಹೊತ್ತು ಕುಳಿತಳು.

"ಚಿಕ್ಕಮ್ಮ, ಓದ್ಬೇಡಿ. ಆ ಹನ್ನೆರಡು ಪದಾನೇ ಫೋನಿನೊಳಗಿರೋ ನಿಮ್ಮ ಡಿಜಿಟಲ್ ಕಾಯಿನ್ ಪೆಟ್ಟಿಗೆಗೆ ಕೀಲಿ. ಅದು ಯಾರಿಗೆ ಗೊತ್ತೋ ದುಡ್ಡು ಅವರದು. ಯಾರಿಗೂ ಹೇಳ್ಬಾರ್ದು ಅಂತ ಈಗಷ್ಟೇ ಹೇಳಿದ್ನಲ್ಲ."

"ಇಲ್ಲಿ ಹೊರಗಿನವರು ಯಾರಿದಾರೆ? ಎಲ್ಲ ನಮ್ಮೋರೇ," ಎಂದಳು ಮಾಲ್‌ಸುನ್.

ಅವಳ ಮಾತೂ ಸುಳ್ಳಲ್ಲ. ಜೆಜು ದ್ವೀಪದ ಆ ಕಡಲ ದಂಡೆಯಲ್ಲಿ, ಮುಳುಗಿ ಚಿಪ್ಪು ಹೆಕ್ಕುವ ಹೆಂಗಸರೆಲ್ಲ ಬಟ್ಟೆ ಬದಲಿಸುವುದು ಈ ಒಂದೇ ಗುಡಿಸಲಿನಲ್ಲಿ. ನಲವತ್ತು ವರ್ಷಗಳಿಂದ ಅವರು ಒಂದೇ ಬೆಂಕಿಯ ಸುತ್ತ ಒದ್ದೆ ಮೈ ಒಣಗಿಸಿಕೊಂಡಿದ್ದಾರೆ. ಯಾರ ಗಂಡ ಗೊರಕೆ ಹೊಡೆಯುತ್ತಾನೆ, ಯಾರ ಸೊಸೆ ಎದುರು ಮಾತಾಡುತ್ತಾಳೆ, ಎಲ್ಲವೂ ಎಲ್ಲರಿಗೂ ಗೊತ್ತು. ಗುಟ್ಟು ಎಂಬುದು ಆ ಬಾಗಿಲು ದಾಟಿ ಒಳಗೆ ಬಂದದ್ದೇ ಇಲ್ಲ. ಚುನ್‌ಹ್ವಾ ಅಂತೂ ಆಗಲೇ, "ಚುಕ್ಕಿ, ಬೀದಿ, ಮೊಲ," ಎಂದು ರಾಗವಾಗಿ ಹಾಡತೊಡಗಿದ್ದಳು. ಸೋರಾ ನಿಟ್ಟುಸಿರು ಬಿಟ್ಟು ಆ ಪೆಟ್ಟಿಗೆಯನ್ನು ಅಳಿಸಿ ಹಾಕಿದಳು.

ಅಷ್ಟರಲ್ಲಿ ಹೊರಗೆ ಕಾರು ನಿಂತಿತು. ಪೇಟೆಯ ಪ್ಯೋ ಮತ್ತೆ ಬಂದಿದ್ದ, ಒಂದು ಕೈಯಲ್ಲಿ ನೂಡಲ್ಸ್ ಡಬ್ಬ, ಇನ್ನೊಂದರಲ್ಲಿ ಸೊಂಟನೋವಿನ ಪಟ್ಟಿಗಳು. ಯಾವುದೋ ಹೊಸ ಕಾಯಿನ್‌ನಲ್ಲಿ ಹಣ ಹಾಕಿದರೆ ವಸಂತಕ್ಕೆ ದುಪ್ಪಟ್ಟಾಗುತ್ತದೆ ಎಂದು ಬಂದಾಗಲೆಲ್ಲ ಮೂಗಿಗೆ ತುಪ್ಪ ಸವರಿ ಹೋಗುತ್ತಿದ್ದ. ಅವನ ಕಣ್ಣಿದ್ದದ್ದು ಅಜ್ಜಿಯರ ಹಣದ ಮೇಲೆ. ಕಸುವು ಕಳೆದ ಮುದುಕಿಯರಿಗೆಂದು ದಂಡೆಯ ಹತ್ತಿರದ ಆಳವಿಲ್ಲದ ನೀರನ್ನು ಊರು ಬಿಟ್ಟುಕೊಟ್ಟಿದೆ. ಗಟ್ಟಿಮುಟ್ಟಾದವರು ಅಲ್ಲಿಗೆ ಕಾಲಿಡುವುದಿಲ್ಲ. ಅಲ್ಲಿ ಸಿಗುವುದರಲ್ಲಿ ಚಳಿಗಾಲ ಕಳೆಯದೆಂದು, ಕಡಲಪಾಚಿ ಮಾರಿದ ಹಣವನ್ನೂ ಎಲ್ಲರೂ ಸೇರಿ ಅವರಿಗಾಗಿ ತೆಗೆದಿಡುತ್ತಾರೆ. ಅದಕ್ಕೆ ಮಾಲ್‌ಸುನ್‌ಳೇ ಕಾವಲು. ಅವಳು ಹೂಂ ಅಂದರೆ ಆ ಹಣ ಪ್ಯೋನ ಪಾಲು.

ಹೋದ ವರ್ಷ ಪಕ್ಕದೂರಿನಲ್ಲಿ ಇಂಥವನೇ ಒಬ್ಬ ಮಾಲ್‌ಸುನ್‌ಳ ಅಕ್ಕನ ಜೀವಮಾನದ ದುಡಿಮೆಯನ್ನು ಗುಡಿಸಿಕೊಂಡು ಹೋಗಿದ್ದ. ಅಕ್ಕ ಅಂದಿನಿಂದ ನೀರಿಗಿಳಿದಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಾಳೆ. ಅವಳ ಮಗಳೇ ಈ ಸೋರಾ. ಪೇಟೆಯಲ್ಲಿ ಕೆಲಸ ಮಾಡಿಕೊಂಡೇ, ರಜಾದಿನ ಬಂತೆಂದರೆ ದಂಡೆಯ ಗುಡಿಸಲುಗಳಿಗೆ ಹೋಗಿ ಹೆಂಗಸರಿಗೆ ಕಾಯಿನ್ ಎಂದರೇನೆಂದು ಕಲಿಸುತ್ತಿದ್ದಳು. ಮಾಲ್‌ಸುನ್ ಕಲಿಯಲು ಕುಳಿತದ್ದು ಆಸೆಯಿಂದಲ್ಲ, ಸಿಟ್ಟಿನಿಂದ.

"ಏನಮ್ಮ ಇದು, ಈ ವಯಸ್ಸಲ್ಲಿ ಪಾಠ?" ಎಂದು ನಗುತ್ತಾ ಪ್ಯೋ ಬೆಂಕಿಯ ಬಳಿ ಕುಕ್ಕರಗಾಲಲ್ಲಿ ಕುಳಿತ. "ಈ ಪದ ಗಿದ ಎಲ್ಲ ನಿಮಗ್ಯಾಕೆ ತಲೆನೋವು? ದುಡ್ಡು ನಿಮ್ಮದೇ. ಕೀಲಿ ಮಾತ್ರ ನಾನು ಇಟ್ಕೊಂಡಿರ್ತೀನಿ. ಮಗ ಅಂದ್ಕೊಳ್ಳಿ."

"ಹೂಂ ಅನ್ನೇ ಮಾಲ್‌ಸುನ್," ಎಂದಳು ಚುನ್‌ಹ್ವಾ, ಸೊಂಟಕ್ಕೆ ಪಟ್ಟಿ ಅಂಟಿಸಿಕೊಳ್ಳುತ್ತಾ. "ನನ್ನ ಹೊಟ್ಟೇಲಿ ಹುಟ್ಟಿದೋನು ಒಂದು ದಿನ ಹೀಗೆ ಪಟ್ಟಿ ತಂದ್ಕೊಟ್ಟಿಲ್ಲ."

ಸೋರಾ ಏನೋ ಹೇಳಲು ಬಾಯಿ ತೆರೆದಳು. ಮಾಲ್‌ಸುನ್ ಅವಳ ಮೊಣಕಾಲು ಒತ್ತಿ ಸುಮ್ಮನಾಗಿಸಿದಳು. ಬಾಗಿಲಾಚೆ ಮಿರಿಮಿರಿ ಮಿಂಚುತ್ತಿದ್ದ ಕಾರನ್ನು ನೋಡಿ, ಕೈಚಾಚಿದಳು.

"ಸರಿ ಕಣಪ್ಪ, ಮಗ ಅಂದ್ಕೊಂಡೆ. ನಿನ್ನ ಕಾರಿನ ಕೀಲಿ ಕೊಡು."

"ಕಾರಿಂದಾ? ಯಾಕಮ್ಮ?"

"ಕಾರು ನಿಂದೇ. ಕೀಲಿ ಮಾತ್ರ ನಾನು ಇಟ್ಕೊಂಡಿರ್ತೀನಿ. ನಿಂಗ್ಯಾಕೆ ಆ ತಲೆನೋವು? ತಾಯಿ ಅಂದ್ಕೋ."

ಪ್ಯೋ ನಕ್ಕ. ಆದರೆ ಅವನ ಬಲಗೈ ತಾನಾಗಿಯೇ ಪ್ಯಾಂಟಿನ ಜೇಬಿಗೆ ಹೋಗಿ ಅಲ್ಲೇ ಬಿಗಿಯಾಗಿ ನಿಂತಿತು. ಹೆಂಗಸರೆಲ್ಲ ಆ ಕೈಯನ್ನೇ ನೋಡಿದರು. ಮೊದಲು ನಕ್ಕವಳು ಚುನ್‌ಹ್ವಾ. ಆಮೇಲೆ ಗುಡಿಸಲಿಗೆ ಗುಡಿಸಲೇ ನಕ್ಕಿತು. ಇನ್ನೊಂದು ದಿನ ಬರುತ್ತೇನೆಂದು ಅವನು ಎದ್ದಾಗ ಡಬ್ಬವನ್ನೂ ಎತ್ತಿಕೊಳ್ಳಲು ಹೋದ. "ಅದಿಲ್ಲೇ ಇರಲಿ, ಮಗನೇ," ಎಂದಳು ಚುನ್‌ಹ್ವಾ.

ಕಾರಿನ ಸದ್ದು ದೂರವಾದ ಮೇಲೆ ಅವಳೇ, "ಪೀಡೆ ತೊಲಗಿತು. ಇನ್ನು ಈ ಕಾಯಿನ್ ಸಹವಾಸವೇ ಬೇಡ ಕಣ್ರೇ," ಎಂದಳು.

"ಬೇಡ ಅನ್ನೋಕೂ ಗೊತ್ತಿರ್ಬೇಕು," ಎಂದಳು ಮಾಲ್‌ಸುನ್. "ನಮ್ಮಕ್ಕಂಗೂ ಹೀಗೇ ಹೇಳಿದ್ರು, ನಿಮಗ್ಯಾಕೆ ಇದೆಲ್ಲ ಅಂತ. ಇವತ್ತು ಇವ್ನು ಹೋದ, ನಾಳೆ ಇನ್ನೂ ಜಾಣ ಬರ್ತಾನೆ. ಸೆಳವು ಎಲ್ಲಿದೆ ಅಂತ ತಿಳೀದೆ ನೀರಿಗೆ ಇಳೀತೀವೇನೇ? ಅಜ್ಜಿಯರ ದುಡ್ಡು ಮುಟ್ಟೋ ಮಾತೇ ಇಲ್ಲ. ಕಲಿಯೋಕೆ ನಂದೊಂದು ಬುಟ್ಟಿ ಚಿಪ್ಪಿನ ದುಡ್ಡು ಸಾಕು. ಕಲಿತ ಮೇಲೆ ಹಾಕೋದೋ ಬಿಡೋದೋ, ನಾವು ಹೇಳೋಣ. ಸೋರಾ, ಮೊದಲಿಂದ ಶುರು ಮಾಡು. ಎಲ್ರಿಗೂ."

ಒಬ್ಬೊಬ್ಬರ ಫೋನಿನಲ್ಲೂ ಹೊಸ ಹನ್ನೆರಡು ಪದಗಳು ಮೂಡಿದವು. ಏನು ಮಾಡಬೇಕೆಂದು ತೋಚದೆ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಮಾಲ್‌ಸುನ್‌ಳೇ ಎದ್ದು ಗೋಡೆಯ ಕಡೆ ಮುಖ ಮಾಡಿ ಕುಳಿತಳು. ಅವಳ ಹಿಂದೆಯೇ ಉಳಿದವರೂ ತಿರುಗಿದರು. ನಲವತ್ತು ವರ್ಷ ಒಬ್ಬರೆದುರು ಒಬ್ಬರು ಬರಿಮೈಯಲ್ಲಿ ನಿಂತವರು ಇಂದು ಬೆನ್ನಿಗೆ ಬೆನ್ನು ಹಾಕಿ, ಸದ್ದಿಲ್ಲದೆ ತುಟಿ ಅಲುಗಿಸುತ್ತಿದ್ದರು. ಚುನ್‌ಹ್ವಾ ಮಾತ್ರ ಅಭ್ಯಾಸಬಲದಿಂದ ಒಮ್ಮೆ ಕತ್ತು ಚಾಚಿ ಪಕ್ಕಕ್ಕೆ ಇಣುಕಿದಳು. ಮಾಲ್‌ಸುನ್ ಮೈಮೇಲಿದ್ದ ಟವೆಲನ್ನು ಎಳೆದು ಫೋನು ಮುಚ್ಚಿಕೊಂಡಳು.