ತಿಪ್ಪೆಯ ಪಕ್ಕದ ಊಟ

ಮಂಗಳಮ್ಮ ಮಾವ ಚಿಕ್ಕಣ್ಣನ ಊಟದ ತಟ್ಟೆಯನ್ನು ಹಿತ್ತಲ ತಿಪ್ಪೆಯ ಪಕ್ಕದಲ್ಲಿ ಕುಕ್ಕಿದಳು. ಅದರ ಮುಂದೆ ನೊಣ ಹಿಡಿಯಲು ಮಾಡಿದ್ದ ಬೆಲ್ಲದ ನೀರಿನ ಸೀಸೆ ಇಟ್ಟಳು. ಕಾಗದದ ಆಲಿಕೆಯಿಂದ ಒಳಗಿಳಿದ ನೊಣಗಳು ಸತ್ತು ಸೀಸೆಯ ಕತ್ತಿನವರೆಗೆ ತುಂಬಿದ್ದವು.

"ಇದು ಮೂರ್ನೇ ಸೀಸೆ, ಮಾವ. ಮಗೀಗೆ ಭೇದಿ ನೊಣದಿಂದ್ಲೇ ಅಂದ್ರು ಮೈಸೂರ್ ಡಾಕ್ಟ್ರು. ಈ ತಿಪ್ಪೆ ಅಡುಗೆಮನೆ ಬಾಗ್ಲಿಂದ ದೂರ ಹೋಗ್ಬೇಕು."

"ದೀಪಾವಳೀಲಿ ಪೂಜೆ ಮಾಡೋ ತಿಪ್ಪೆ ಕಣಮ್ಮ. ಲಕ್ಷ್ಮೀನ ಕದಲಿಸ್ಬಾರ್ದು."

"ಹಂಗಾದ್ರೆ ಲಕ್ಷ್ಮಿ ಜೊತೇಲೇ ಉಣ್ಣಿ. ಇನ್ಮೇಲೆ ನಿಮ್ಗೆ ಇಲ್ಲೇ ಬಡಿಸೋದು."

ಚಿಕ್ಕಣ್ಣ ಹಟಕ್ಕೆ ಬಿದ್ದು ಕುಳಿತೇಬಿಟ್ಟ. ಮುದ್ದೆ ಮುರಿಯುವಷ್ಟರಲ್ಲಿ ನೊಣಗಳು ಮುತ್ತಿದವು. ಓಡಿಸಿದ. ಮತ್ತೆ ಬಂದು ಕೂತವು, ತುತ್ತಿನ ಮೇಲೆ, ತುಟಿಯ ಮೇಲೆ. ತಟ್ಟೆ ನೂಕಿ ಎದ್ದ.

"ಗೊಬ್ಬರ ಹೊರೋ ಮಂಕರಿ ಎಲ್ಲಿ?" ಎಂದು ಗದರಿದ.

ಅದು ಆಗಲೇ ಅವಳ ಕೈಯಲ್ಲಿತ್ತು.