ಅಮ್ಮ ನೋಡಬಾರದ ಆಟ

ಕೆಳಗಿನ ಕೂಗಾಟ ಇದ್ದಕ್ಕಿದ್ದಂತೆ ನಿಂತುಹೋಯಿತು. ಟೆರೇಸಿನ ನೀರಿನ ಟ್ಯಾಂಕಿನ ನೆರಳಲ್ಲಿ ಕೂತಿದ್ದ ರಾಧಾಮಣಿ, ತಲೆಯ ಮೇಲೆ ಹಾದುಹೋದ ವಿಮಾನದ ಸದ್ದಿನಲ್ಲಿ ಕೇಳಿಸಲಿಲ್ಲವೇನೋ ಅಂದುಕೊಂಡಳು. ಯಲಹಂಕದಲ್ಲಿ ಅದೇನೂ ಹೊಸದಲ್ಲ. ವಿಮಾನ ದೂರವಾಯಿತು, ಮನೆಯೊಳಗಿಂದ ಮಾತ್ರ ಒಂದು ಪಿಸುಮಾತೂ ಬರಲಿಲ್ಲ. ಈಗ ತಾನೇ "ಯಶು ಬಂದ, ಯಶು ಬಂದ" ಎಂದು ಇಡೀ ಬೀದಿ ಕಿರುಚಿತ್ತು. ಅವಳ ಮಗ ಯಶವಂತ ಭಾರತದ ನೀಲಿ ಅಂಗಿ ತೊಟ್ಟು ಮೊದಲ ಬಾರಿಗೆ ಬ್ಯಾಟು ಹಿಡಿದು ಮೈದಾನಕ್ಕೆ ಇಳಿದಿದ್ದ, ದೂರದ ಹರಾರೆಯಲ್ಲಿ.

ಮೂರೇ ಮೂರು ಒಂದು ದಿನದ ಪಂದ್ಯಗಳ ಪುಟ್ಟ ಪ್ರವಾಸ ಅದು. ಹೆಸರಾಂತರಿಗೆಲ್ಲ ವಿಶ್ರಾಂತಿ ಕೊಟ್ಟಿದ್ದರಿಂದ ಹುಡುಗರ ಅದೃಷ್ಟ ಖುಲಾಯಿಸಿತ್ತು. ಎರಡು ಪಂದ್ಯದಲ್ಲಿ ಆಡುವವರಿಗೆ ನೀರು ಹೊತ್ತುಕೊಟ್ಟ ಯಶವಂತನಿಗೆ ಸಿಕ್ಕಿದ್ದು ಈ ಕೊನೆಯದೊಂದೇ. ಇಲ್ಲಿ ಎಡವಿದರೆ ಮತ್ತೆ ಕರೆಯುವವರಿಲ್ಲ ಎಂಬುದು ಮನೆಯವರಿಗೆಲ್ಲ ಗೊತ್ತಿತ್ತು.

ಇಂಥ ದಿನ ಹೆತ್ತವಳು ಟೆರೇಸಿನಲ್ಲಿ ಯಾಕೆ? ಅವಳು ನೋಡಿದರೆ ಅವನು ಔಟಾಗುತ್ತಾನೆ, ಅದಕ್ಕೆ. ಸ್ಕೂಲಿನಲ್ಲಿದ್ದಾಗ ಎರಡು ಸಲ ಹಾಗಾಗಿತ್ತು. ಇವಳು ಬಂದು ಬೇಲಿಯ ಬಳಿ ನಿಂತಳು, ಅವನ ಸ್ಟಂಪು ಹಾರಿತು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎಂದು ಸುಮ್ಮನಿರುವ ಪೈಕಿಯೇ ಅವಳ ಗಂಡ ಚಿಕ್ಕಬೈರಪ್ಪ? ಅಪಾರ್ಟ್‌ಮೆಂಟಿಗೆ ಪಾಯ ತೋಡಿಸುವಾಗಲೂ ರಾಹುಕಾಲ ನೋಡುವ ಬಿಲ್ಡರ್ ಅವನು. ಅಂದಿನಿಂದ ಅವಳಿಗೆ ಮಗನ ಆಟ ನಿಷಿದ್ಧ. ಯಶವಂತ ಮಾತ್ರ ನಗುತ್ತಿದ್ದ. "ಅಪ್ಪಂಗೆ ಹುಚ್ಚು ಕಣಮ್ಮ. ಒಂದಿನ ನಾನೇ ನಿನ್ನ ಸ್ಟೇಡಿಯಂನಲ್ಲಿ ಮುಂದಿನ ಸಾಲಲ್ಲಿ ಕೂರಿಸ್ತೀನಿ." ಆ ಒಂದು ಮಾತನ್ನು ನಂಬಿಕೊಂಡೇ ಅವಳು ಇಷ್ಟು ವರ್ಷ ಕಳೆದಿದ್ದಳು.

ಕೆಳಗೆ ಇನ್ನೂ ಸದ್ದಿಲ್ಲದ್ದು ಕಂಡು ರಾಧಾಮಣಿ ಎದ್ದು ಓಡಿ ಬಾಗಿಲು ತಳ್ಳಿದಳು. ತೆರೆಯಲಿಲ್ಲ. ಮತ್ತೆ ತಳ್ಳಿದಳು. ಒಳಗಿನಿಂದ ಚಿಲಕ ಹಾಕಿತ್ತು. ತನ್ನದೇ ಮನೆಯಲ್ಲಿ ತನ್ನನ್ನು ಕೂಡಿಹಾಕಿದ್ದಾರೆ ಎಂಬುದು ತಲೆಗೆ ಹೋಗಲು ಅವಳಿಗೆ ಸ್ವಲ್ಪ ಹೊತ್ತೇ ಹಿಡಿಯಿತು. ಎರಡೂ ಕೈಯಿಂದ ಬಡಿದ ಮೇಲೆ ಮೈದುನ ಅಶ್ವತ್ಥ್ ಬಂದು ತೆಗೆದ. ಅವನ ಮುಖ ಬಿಳಿಚಿಕೊಂಡಿತ್ತು.

"ಏನಾಯ್ತು? ಮಗೂಗೆ ಏಟು ಬಿತ್ತಾ?"

"ಇಲ್ಲ ಅತ್ತಿಗೆ. ಔಟು. ಮೊದಲ್ನೇ ಬಾಲ್‌ಗೇ."

ಹಾಲ್ ತುಂಬ ಕೂತಿದ್ದ ನೆಂಟರಿಷ್ಟರು ಗರ ಬಡಿದವರಂತೆ ಟಿವಿ ನೋಡುತ್ತಿದ್ದರು. ಕೇಸರಿಬಾತಿನ ತಟ್ಟೆ ಹಿಡಿದ ಕೈಗಳು ಹಿಡಿದಲ್ಲೇ ಇದ್ದವು. ಅವಳು ಮೆಟ್ಟಿಲಿಳಿದದ್ದೇ ತಡ, ಎಲ್ಲರ ಕಣ್ಣೂ ಅವಳತ್ತ ತಿರುಗಿತು.

"ನೀನೇನಾದ್ರೂ ನೋಡ್ದಾ?" ಚಿಕ್ಕಬೈರಪ್ಪ ಕೇಳಿದ.

"ಎಲ್ಲಿಂದ ನೋಡ್ಲಿ ರೀ? ಫೋನೂ ಇಲ್ಲೇ ಇದೆ ನಂದು. ಬಾಗ್ಲು ಹಾಕಿದ್ದು ಯಾರು?"

"ನಾನೇ ಕಣವ್ವ," ಅತ್ತೆ ಮುನಿವೆಂಕಟಮ್ಮ ಮೂಲೆಯಿಂದ ಅಂದರು. "ಎತ್ತ ಕರುಳಲ್ವಾ, ತಡೀದೆ ಇಳ್ದು ಬಂದ್ಬುಟ್ರೆ ಅಂತ ಚಿಲ್ಕ ಆಕ್ಬುಟ್ಟೆ. ಅಂಗ್ ಮಾಡಿದ್ರೂ ಇಂಗಾಗೋಯ್ತಲ್ಲ."

ಚಿಕ್ಕಬೈರಪ್ಪನಿಗೆ ಬೈಯಲು ಯಾರೂ ಸಿಗಲಿಲ್ಲ. ಟಿವಿ ಆರಿಸಿದ. ಜನ ಚಪ್ಪಲಿ ಹುಡುಕಿಕೊಂಡು ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದರು. ಸಂಕಟದ ನಡುವೆಯೂ ರಾಧಾಮಣಿಯ ಎದೆಯಲ್ಲಿ ಏನೋ ಒಂದು ಹಗುರಾಯಿತು, ಅದಕ್ಕೆ ಅವಳಿಗೇ ನಾಚಿಕೆಯಾಯಿತು. ಅಂತೂ ತನ್ನ ಕಣ್ಣಿನ ದೋಷವಲ್ಲ. ಇನ್ನು ಮಗನ ಆಟ ನೋಡಬೇಡ ಎನ್ನಲು ಯಾರಿಗೂ ಬಾಯಿಲ್ಲ.

ಆಟ ಮುಗಿಯುವ ತನಕ ಆಟಗಾರರ ಕೈಗೆ ಫೋನು ಕೊಡುವುದಿಲ್ಲವಂತೆ. ದೀಪ ಹಚ್ಚಿ ಸುಮಾರು ಹೊತ್ತಾದ ಮೇಲೆ ಯಶವಂತನ ಕರೆ ಬಂತು. ಚಿಕ್ಕಬೈರಪ್ಪ ಎಲ್ಲರಿಗೂ ಕೇಳುವಂತೆ ಸ್ಪೀಕರಿಗೆ ಹಾಕಿದ. ಮಗ ಅಪ್ಪನ ಜೊತೆ ಮಾತಾಡಲಿಲ್ಲ, ಅಮ್ಮ ಬೇಕು ಅಂದ.

"ಬಾಲ್ ಕಾಣಿಸ್ಲೇ ಇಲ್ಲ ಅಮ್ಮ." ಅವನು ಅಂದ. "ಕೈನೇ ಏಳ್ಲಿಲ್ಲ. ಇನ್ನು ಬ್ಯಾಟ್ ಹಿಡಿಯಕ್ಕೇ ಭಯ ಆಗ್ತಿದೆ." ಆಮೇಲೆ ಕೇಳಿದ. "ಅಮ್ಮ, ನಿಜ ಹೇಳು. ನೀನು ನೋಡ್ದೆ ಅಲ್ವಾ?"

ರಾಧಾಮಣಿ ಫೋನನ್ನು ಹತ್ತಿರಕ್ಕೆ ಎಳೆದುಕೊಂಡಳು. ಇವನೂನಾ? ಹಾಗಾದರೆ ನಕ್ಕಿದ್ದೆಲ್ಲ, ಮುಂದಿನ ಸಾಲಿನ ಮಾತೆಲ್ಲ ಬರೀ ಬಾಯುಪಚಾರವಾ? ಇಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಸಾಕ್ಷಿ ಹೇಳಲು ಚಿಲಕ ಹಾಕಿದ ಅತ್ತೆಯೇ ಎದುರಿಗಿದ್ದರು. ಆದರೆ ಮಗ ಸಿಟ್ಟಿನಿಂದ ಕೇಳಿರಲಿಲ್ಲ. ಚಿಕ್ಕವನಿದ್ದಾಗ ಜ್ವರ ಬಂದು ಮಲಗಿ ನೀರು ಕೇಳುತ್ತಿದ್ದನಲ್ಲ, ಅದೇ ದನಿ.

"ಹೂಂ ಕಣೋ," ಅಂದಳು. "ತಡ್ಕೊಳಕ್ಕಾಗ್ಲಿಲ್ಲ. ಬಾಗ್ಲ ಸಂದೀಲಿ ನಿಂತು ನೋಡ್ಬಿಟ್ಟೆ."

ಮುನಿವೆಂಕಟಮ್ಮ ಸೊಸೆಯ ಮುಖವನ್ನೇ ನೋಡಿದರು. ಹರಾರೆಯಲ್ಲಿ ಮಗ ದೊಡ್ಡದೊಂದು ಉಸಿರು ಬಿಟ್ಟದ್ದು ಎಲ್ಲರಿಗೂ ಕೇಳಿಸಿತು.

"ಅಷ್ಟೇನಾ, ಸದ್ಯ," ಯಶವಂತ ಅಂದ. "ನಾನೇ ಏನೋ ತಪ್ಪು ಆಡ್ದೆ ಅಂತ ಆಗ್ಲಿಂದ ಸಾಯ್ತಿದ್ದೆ."