ಮರದ ಚಮಚದ ಕಚೇರಿ

ಈಗಲೂ ಅಡುಗೆಮನೆಯಲ್ಲಿ ಎರಡು ಮರದ ಚಮಚ ಒಂದಕ್ಕೊಂದು ತಾಗಿದರೆ ನನಗೆ ದಾವಣಗೆರೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ರಷ್ಯಾದ ಜಾನಪದ ಸಂಗೀತಗಾರರು ಬಂದಿದ್ದರು. ಪುಕ್ಕಟೆ ಪಾಸು ಸಿಕ್ಕಿತೆಂದು ಅಪ್ಪ ಹರಿಹರದಿಂದ ನಮ್ಮನ್ನು ಬಸ್ಸಿನಲ್ಲಿ ಕರೆತಂದಿದ್ದ. ಮೂರು ಮೂಲೆಯ ತಂಬೂರಿಯಂಥ ಬಲಲೈಕಾ ಶುರುವಾದಾಗ ಅವ್ವ ತೂಕಡಿಸುತ್ತಿದ್ದಳು. ನಮ್ಮದು ಹದಿನಾಲ್ಕು ಜನರ ಮನೆ; ನಸುಕಿನಿಂದ ರೊಟ್ಟಿ ಬಡಿದು ಬಂದಿದ್ದಳು. ಆಮೇಲೆ ಕೆಂಪು ಲಂಗದ ದಪ್ಪ ಹೆಂಗಸೊಬ್ಬಳು ಮರದ ಚಮಚಗಳನ್ನು ಮೊಣಕಾಲಿಗೆ ಬಡಿದು ತಾಳ ಹಾಕತೊಡಗಿದಳು. ಅವ್ವ ನೆಟ್ಟಗೆ ಕೂತಳು.

"ಚಮಚ ಅಲ್ಲೇನ್ರಿ ಅವು!"

"ಈ ಕಚೇರಿ ನಮ್ಮನ್ಯಾಗ ದಿನಾ ಐತಲ್ಲ" ಎಂದು ಅಪ್ಪ ನಕ್ಕ. "ಏಳು, ಬಸ್ಸು ಹೋಗ್ತೈತೆ. ರಾತ್ರಿ ಅಡಿಗಿ ಯಾರು ಮಾಡ್ತಾರೆ?"

"ಇದೊಂದು ಮುಗೀಲಿ, ತಡೀರಿ."

"ಮನ್ಯಾಗ ನಮ್ಮವ್ವ ಬೈತಾಳೆ."

"ಬೈಲಿ ಬಿಡ್ರಿ. ನಾ ಏಳಂಗಿಲ್ಲ."

ಅವ್ವ ಅಪ್ಪನಿಗೆ ಎದುರು ಮಾತಾಡಿದ್ದನ್ನು ನಾನು ಕೇಳಿದ್ದು ಅವತ್ತೇ ಮೊದಲು. ಅವ್ವನ ಬೆರಳುಗಳು ಸೀರೆಯ ನೆರಿಗೆಯ ಮೇಲೆ ತಾಳ ಹಾಕುತ್ತಿದ್ದವು. ಉಗುರಿನ ಸಂದಿಯಲ್ಲಿ ಜೋಳದ ಹಿಟ್ಟು ಇನ್ನೂ ಇತ್ತು.

ನಿಜ ಹೇಳಿಬಿಡುತ್ತೇನೆ, ನನಗೆ ಹಸಿವೇನೂ ಇರಲಿಲ್ಲ; ಕೂತು ಕೂತು ಬೇಜಾರಾಗಿತ್ತು, ಅಷ್ಟೇ. ಆದರೂ ಅವಳ ಸೆರಗು ಎಳೆದು, "ಅವ್ವಾ, ಹಸಿವು" ಎಂದೆ.

ಅವ್ವ ತಕ್ಷಣ ಎದ್ದಳು. ನಾವು ಹೊರಗೆ ಬಂದಾಗ ಒಳಗಿನ ಹಾಡು ಇನ್ನೂ ಮುಗಿದಿರಲಿಲ್ಲ. ಬಾಗಿಲ ಬಳಿ ಬಿಟ್ಟಿದ್ದ ಚಪ್ಪಲಿ ಹಾಕಿಕೊಳ್ಳಲು ಅವಳು ಬಹಳ ಹೊತ್ತು ತೆಗೆದುಕೊಂಡಳು.